ಹೊರಗೆ ಕೊಟ್ಟ ಕೋಪ

ಭಗವಂತನು ಮನುಷ್ಯರಿಗೆ ಕೋಪವನ್ನು ಹಂಚಲು ಕೂತ ದಿನ ಅಳತೆಯ ಪಾತ್ರೆಯನ್ನು ಎಲ್ಲೋ ಮರೆತು ಬಂದಿರಬೇಕು. ಇಲ್ಲದಿದ್ದರೆ ಒಬ್ಬನೇ ಒಬ್ಬ ಗೃಹಸ್ಥನಿಗೆ ಒಂದು ದಂಡಿಗೆ ಸಾಲುವಷ್ಟು ಕೋಪವನ್ನು ಸುರಿದು, ಅದೇ ಗೃಹಸ್ಥನಿಗೆ ಹೊಟ್ಟೆಪಾಡಿಗೆಂದು ಕ್ಷಮೆ ಕೇಳುವ ಉದ್ಯೋಗವನ್ನು ಗೊತ್ತುಮಾಡುತ್ತಿರಲಿಲ್ಲ. ಅವನ ಲೀಲೆ ಅವನಿಗೇ ಗೊತ್ತು.

ಬೀದಿಯವರು ಆ ಗೃಹಸ್ಥನನ್ನು ಕ್ಷಮೆಯಪ್ಪ ಎಂದು ಕರೆಯುತ್ತಿದ್ದರು. ಬಟ್ಟೆ ಒಗೆಯುವ ಯಂತ್ರ ತಯಾರಿಸುವ ಒಂದು ಕಂಪನಿಗೆ ಗಿರಾಕಿಗಳಿಂದ ಬರುವ ದೂರುಗಳಿಗೆ ಅವನು ಉತ್ತರ ಬರೆಯುತ್ತಿದ್ದ. ಕಂಪನಿಯ ನೌಕರನೇನೂ ಅಲ್ಲ. ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ, ಊಟದ ಮೇಜಿನ ಮುಂದೆ ಕಂಪ್ಯೂಟರ್ ಇಟ್ಟುಕೊಂಡು, ಬಂದಷ್ಟು ಕೆಲಸ ಮಾಡುವ ಸ್ವತಂತ್ರ ಮನುಷ್ಯ. ಸ್ವತಂತ್ರ ಎಂದರೆ, ಯಾರು ಯಾವಾಗ ಬೇಕಾದರೂ 'ನಾಳೆಯಿಂದ ನೀವು ಬೇಡ' ಎನ್ನಬಹುದಾದವನು ಎಂದು ತಿಳಿಯತಕ್ಕದ್ದು.

ಅವನ ಕೆಲಸದ ಕ್ರಮ ವಿಚಿತ್ರವಾಗಿತ್ತು. ದೂರು ಓದಿದ ಕೂಡಲೇ ಎದ್ದು ನಿಲ್ಲುವನು. ಕಾಣದ ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಅವನ ಬುದ್ಧಿ, ಅವನ ಬಟ್ಟೆ, ಅವನನ್ನು ಸಾಕಿದವರು, ಒಬ್ಬರನ್ನೂ ಬಿಡದೆ ಬೈಯುವನು. ಬೈದು ಮುಗಿಸುವಾಗ ಒಳಗೆಲ್ಲ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಖಾಲಿಯಾಗುತ್ತಿತ್ತು. ಆ ಖಾಲಿಯಲ್ಲಿ ವಿನಯ ತಾನಾಗಿ ಬಂದು ತುಂಬಿಕೊಳ್ಳುತ್ತಿತ್ತು. ಆಗ ಕೂತು ಬರೆಯುವನು: 'ತಮಗಾದ ಅನಾನುಕೂಲ ನಮ್ಮ ನಿದ್ದೆಗೆಡಿಸಿದೆ. ತಮ್ಮ ನೋವು ನಮ್ಮದೇ ನೋವು.' ಓದಿದವರ ಕಣ್ಣು ಒದ್ದೆಯಾಗಬೇಕು, ಹಾಗಿರುತ್ತಿತ್ತು. ಬೈಯದೆ ಬರೆದ ದಿನ ಮಾತ್ರ ವಾಕ್ಯಗಳು ಹಲ್ಲು ಕಿರಿಯುತ್ತಿದ್ದವು.

ಈ ಕೆಲಸ ಕೈಬಿಟ್ಟರೆ ಮುಂದೇನು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೆಂಡತಿಯ ಅಣ್ಣನಿಗೆ ಪೇಟೆಯಲ್ಲಿ ಹಾಸಿಗೆ ಅಂಗಡಿ. ಮೊದಲು ಕ್ಷಮೆಯಪ್ಪ ಅಲ್ಲೇ ಇದ್ದವನು. ಗಾಜಿನ ಕಿಟಕಿಯ ಹಿಂದೆ, ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ, ಹೊಸ ಹಾಸಿಗೆಯ ಮೇಲೆ ಸುಖವಾಗಿ ಮಲಗಿರುವುದು ಅವನ ಕೆಲಸ. ಗಿರಾಕಿ ಬಂದರೆ ಎಡಕ್ಕೆ ಹೊರಳಬೇಕು, ಇನ್ನೊಬ್ಬ ಬಂದರೆ ಬಲಕ್ಕೆ ಹೊರಳಬೇಕು, ಮುಗುಳ್ನಗಬೇಕು. ಶಾಲೆಯಿಂದ ಬರುವ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದವು. ಒಂದು ದಿನ ಅವನು ಹಾಸಿಗೆಯ ಮೇಲೇ ಎದ್ದು ನಿಂತು, "ಭಾವ, ಇನ್ನು ಈ ಅಂಗಡೀಲಿ ಮಲಗೋದು ನನ್ನ ಹೆಣವೇ" ಎಂದು ಹೇಳಿ ಇಳಿದು ಬಂದಿದ್ದ. ಚಪ್ಪಲಿ ಅಲ್ಲೇ ಉಳಿಯಿತು. ತರಲು ಹೋಗಿರಲಿಲ್ಲ.

ಹೀಗಿರುವಾಗ ಕಂಪನಿಯ ಮೇಡಂ ಫೋನು ಮಾಡಿದರು. ದೂರುಗಳು ಹೆಚ್ಚಾಗಿವೆ, ಇಡೀ ವರ್ಷಕ್ಕೆ ಒಬ್ಬರಿಗೇ ಗುತ್ತಿಗೆ ಕೊಡಬೇಕೆಂದಿದೆ ಎಂದರು.

"ಆದ್ರೆ ನಿಮ್ಮೊಬ್ಬರಿಂದ ಆಗುತ್ತಾ?"

ಮನುಷ್ಯನ ನಾಲಿಗೆಗೆ ಮೂಳೆ ಇಡದೆ ಬಿಟ್ಟದ್ದು ಯಾಕೆಂದು ಇಂಥ ಹೊತ್ತಿನಲ್ಲಿ ಕೇಳಬೇಕೆನಿಸುತ್ತದೆ. ಕ್ಷಮೆಯಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು, "ನಾನೊಬ್ಬನೇ ಅಂತ ಯಾರು ಹೇಳಿದ್ದು ಮೇಡಂ? ನಮ್ಮದೊಂದು ತಂಡ ಇದೆ" ಎಂದ.

"ಒಳ್ಳೇದಾಯ್ತು. ಕೆಲಸ ಕಳಿಸ್ತೀನಿ. ತಿಂಗಳ ಕೊನೆಗೆ ಬಂದು ತಂಡ ನೋಡ್ತೀನಿ, ಅಲ್ಲೇ ಸಹಿ ಮಾಡೋಣ."

ಫೋನು ಇಟ್ಟ ಮೇಲೆ ಹೆಂಡತಿ ಕೇಳಿದಳು, "ತಂಡ ಎಲ್ಲಿದೆ?"

"ಮಾಡ್ಕೋಬೇಕು."

"ನನ್ನನ್ನ ಸೇರಿಸ್ಕೋಬೇಡಿ. ನಿಮ್ಮ ಹೆಂಡತಿ ಆಗಿರೋದೇ ನನಗೆ ಓವರ್‌ಟೈಮು."

ದೂರುಗಳು ಮಹಾಪೂರದಂತೆ ಬಂದವು. ಸ್ವತಂತ್ರವಾಗಿ ದುಡಿಯುವವರಿಗೆ ಬುದ್ಧಿ ಹೇಳುವ ಒಬ್ಬ ಗುರುಗಳು ಫೋನಿನೊಳಗೆ ಮಾತಾಡುತ್ತಿದ್ದರು. ಅವರ ಹೇಳಿಕೆಯಂತೆ, ಯಾವ ಕೆಲಸ ನಿಮ್ಮ ಹೊತ್ತನ್ನೆಲ್ಲ ತಿನ್ನುತ್ತದೋ ಅದನ್ನು ಹೊರಗೆ ಕೊಡಬೇಕು, ನಿಮ್ಮಿಂದ ಮಾತ್ರ ಆಗುವುದನ್ನು ಇಟ್ಟುಕೊಳ್ಳಬೇಕು. ಕ್ಷಮೆಯಪ್ಪ ತನ್ನ ಕೆಲಸವನ್ನು ಪರೀಕ್ಷಿಸಿ ನೋಡಿದ. ಕ್ಷಮಾಪಣೆ ಬರೆಯಲು ಅಷ್ಟೇನೂ ಹೊತ್ತು ಹಿಡಿಯುತ್ತಿರಲಿಲ್ಲ. ಹೊತ್ತೆಲ್ಲ ಕೋಪಕ್ಕೆ ಹೋಗುತ್ತಿತ್ತು: ಎದ್ದು ನಿಲ್ಲಬೇಕು, ಮೈ ಕಾಯಬೇಕು, ಬೈಯಬೇಕು, ಕೆಮ್ಮು ಬರುತ್ತದೆ, ನೀರು ಕುಡಿಯಬೇಕು, ಕಾವು ಇಳಿಯುವವರೆಗೆ ಕಾಯಬೇಕು. ಕ್ಷಮೆ ಕೇಳುವುದು ವಿದ್ಯೆ; ಸಿಟ್ಟು ಯಾರು ಬೇಕಾದರೂ ಮಾಡಬಹುದು. ಆದ್ದರಿಂದ ಅವನು ಸಿಟ್ಟನ್ನು ಹೊರಗೆ ಕೊಡುವುದೆಂದು ತೀರ್ಮಾನಿಸಿದ.

ಆ ಕೆಲಸಕ್ಕೆ ತಕ್ಕವರನ್ನು ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಲಿಲ್ಲ. ಕೆಳಮಹಡಿಯ ಹಿಂದಿನ ಕೋಣೆಯಲ್ಲಿ ನಿವೃತ್ತಳಾದ ಆಸ್ಪತ್ರೆಯ ಮೇಟ್ರನ್ ಒಬ್ಬಳಿದ್ದಳು. ಬೀದಿಯವರು ಗುಡುಗಮ್ಮ ಎನ್ನುತ್ತಿದ್ದರು. ಅವಳು ವಾರ್ಡಿನ ಬಾಗಿಲಲ್ಲಿ ನಿಂತು ಒಂದು ಮಾತು ಆಡಿದರೆ ಜ್ವರದವರ ಜ್ವರ ಇಳಿಯುತ್ತಿತ್ತಂತೆ, ಜ್ವರವಿಲ್ಲದವರಿಗೆ ಬರುತ್ತಿತ್ತಂತೆ. ಈಗ ಬೈಯಲು ಯಾರೂ ಇಲ್ಲದೆ ಹೂವಿನ ಕುಂಡಗಳನ್ನು ಬೈದುಕೊಂಡು ದಿನ ಕಳೆಯುತ್ತಿದ್ದಳು.

"ಅಜ್ಜಿ, ಒಂದು ಕೆಲಸ ಇದೆ."

"ನಲ್ಲಿ ಸೋರ್ತಿದ್ರೆ ನನಗೆ ಹೇಳಬೇಡ."

"ಬೈಯೋ ಕೆಲಸ."

ಗುಡುಗಮ್ಮ ಕನ್ನಡಕ ತೆಗೆದಿಟ್ಟಳು. "ಯಾರನ್ನ?"

"ಗುರುತಿಲ್ಲದವರನ್ನ."

"ಅವರಿಗೆ ಕೇಳಿಸುತ್ತಾ?"

"ಇಲ್ಲ. ನನಗೆ ಕೇಳಿಸಿದ್ರೆ ಸಾಕು."

ಮುದುಕಿ ಅವನ ಮುಖ ನೋಡಿದಳು. ಹುಚ್ಚು ಹಿಡಿದವರನ್ನು ಅವಳು ಬಹಳ ನೋಡಿದ್ದಳು. "ಕೈ ಇರೋ ಕುರ್ಚಿ ಬೇಕು. ಕೈ ಇಲ್ಲದ ಕುರ್ಚೀಲಿ ಕೂತು ಬೈದ್ರೆ ನನಗೆ ಬೆನ್ನು ಹಿಡ್ಕೊಳ್ಳುತ್ತೆ. ಅಷ್ಟು ಕೊಟ್ರೆ ಬರ್ತೀನಿ" ಎಂದಳು.

ಮರುದಿನದಿಂದ ಕಾರ್ಖಾನೆ ಶುರುವಾಯಿತು. ಕಿಟಕಿಯ ಪಕ್ಕದಲ್ಲಿ ಗುಡುಗಮ್ಮನ ಕುರ್ಚಿ. ಕ್ಷಮೆಯಪ್ಪ ದೂರನ್ನು ಗಟ್ಟಿಯಾಗಿ ಓದುವನು. ಅವಳು ಕುರ್ಚಿಯ ಕೈಗಳನ್ನು ಹಿಡಿದು, ಎದೆ ತುಂಬ ಉಸಿರೆಳೆದು, ಶುರುಮಾಡುವಳು. ಅದನ್ನು ಕೇಳುತ್ತಾ ಕೇಳುತ್ತಾ ಅವನ ಮೈಯೊಳಗಿನ ಕಾವು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿ, ಬೆರಳ ತುದಿಯಲ್ಲಿ ವಿನಯ ಜಿನುಗುತ್ತಿತ್ತು. ಅವಳ ಬಾಯಿ ಮುಚ್ಚುವುದಕ್ಕೂ ಇವನ ಕಾಗದ ಮುಗಿಯುವುದಕ್ಕೂ ಸರಿಹೋಗುತ್ತಿತ್ತು. ಒಂದು ದಿನಕ್ಕೆ ಆಗುತ್ತಿದ್ದ ಕೆಲಸ ಕಾಫಿ ಆರುವುದರೊಳಗೆ ಮುಗಿಯತೊಡಗಿತು.

ಬೀದಿಯವರಿಗೆ ಈ ಏರ್ಪಾಡು ಗೊತ್ತಿರಲಿಲ್ಲ. ಅವರಿಗೆ ಕಿಟಕಿಯಿಂದ ಬೀಳುವ ಮಾತು ಮಾತ್ರ ಕೇಳುತ್ತಿತ್ತು.

"ಹೊಟ್ಟೇಲಿ ಜಾಗ ಎಷ್ಟಿದೆ ಅಂತ ನೋಡ್ಬೇಡ್ವೇನೋ? ಸಿಕ್ಕಿದ್ದೆಲ್ಲ ಒಂದೇ ಸಲ ತುರುಕಿದ್ರೆ ಕುಣೀದೆ ಏನು ಮಾಡುತ್ತೆ?" ಎಂದು ಗುಡುಗಮ್ಮ ಯಂತ್ರಕ್ಕೆ ಕಂಬಳಿಗಳನ್ನು ತುಂಬಿದವನೊಬ್ಬನನ್ನು ಬೈದಳು. ಎದುರಿನ ಬೇಕರಿಯಲ್ಲಿ ಬನ್ನು ಬಾಯಿಗಿಟ್ಟುಕೊಂಡಿದ್ದ ಸ್ಥೂಲ ಗಿರಾಕಿಯೊಬ್ಬರು ಅದನ್ನು ತಟ್ಟೆಗೆ ವಾಪಸ್ಸಿಟ್ಟು, ಮೇಲೆ ನೋಡಿ, ಬಾಯಿ ಒರೆಸಿಕೊಂಡು ಹೋದರು.

"ಅಡ್ಡಡ್ಡ ನಿಲ್ಸಿ ಅಲ್ಲಾಡುತ್ತೆ ಅಂತೀಯಲ್ಲ, ನೆಟ್ಟಗೆ ನಿಲ್ಸೋಕೆ ನಿಮ್ಮಪ್ಪ ಬರಬೇಕಾ?" ಎಂದಳು. ಸ್ಕೂಟರ್ ನಿಲ್ಲಿಸುತ್ತಿದ್ದ ಬ್ಯಾಂಕಿನವರು ಅದನ್ನು ಮೂರು ಸಲ ತೆಗೆದು ನಿಲ್ಲಿಸಿದರು.

"ಜೇಬಿನ ಕಥೆ ನನಗೆ ಹೇಳಬೇಡ. ಜೇಬು ನೋಡ್ದೆ ಇದ್ದದ್ದು ನಿನ್ನ ತಪ್ಪು" ಎಂದು, ಜೇಬಿನಲ್ಲಿ ನಾಣ್ಯ ಬಿಟ್ಟು ಯಂತ್ರಕ್ಕೆ ಬಟ್ಟೆ ಹಾಕಿದವನೊಬ್ಬನನ್ನು ಬೈದ ದಿನ ಕೆಳಗಿನ ದರ್ಜಿ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೆಟ್ಟಿಲು ಹತ್ತಿ ಬಂದ. ಬಟ್ಟೆ ಉಳಿಸಲೆಂದು ಅವನು ಎಲ್ಲರ ಜೇಬನ್ನೂ ಒಂದು ಬೆರಳಷ್ಟು ಮೋಟು ಮಾಡಿ ಹೊಲಿಯುತ್ತಿದ್ದ. ಅದು ಅವನಿಗೂ ಅವನ ಕತ್ತರಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದ.

"ಅಜ್ಜಿಗೆ ಯಾರು ಹೇಳಿದ್ದು?" ಎಂದು ಹಲ್ಲು ಕಚ್ಚಿಕೊಂಡು ಕೇಳಿದ.

ಕ್ಷಮಾಪಣೆಯ ಮಧ್ಯದಲ್ಲಿದ್ದ ಕ್ಷಮೆಯಪ್ಪ ತಲೆ ಎತ್ತದೆ, "ತಮಗಾದ ಬೇಸರಕ್ಕೆ ನಾವು ಹೊಣೆ. ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇವೆ" ಎಂದ.

"ನೋಡ್ಕೊಳ್ತೀರಾ? ನನ್ನ ಅಂಗಡಿ ನೋಡ್ಕೊಳ್ಳೋಕೆ ನೀವು ಯಾರ್ರೀ?" ಎಂದು ದರ್ಜಿ ಕೆಳಗಿಳಿದು ಹೋದ. ಅಂದಿನಿಂದ ಜೇಬುಗಳೇನೋ ಉದ್ದವಾದವು. ಆದರೆ ತಿದ್ದಿಕೊಂಡವನ ಹೊಟ್ಟೆಯೊಳಗಿನ ಬೆಂಕಿ ತಪ್ಪು ಮಾಡುವವನದಕ್ಕಿಂತ ಜಾಸ್ತಿ. ಬನ್ನಿನವರು, ಸ್ಕೂಟರಿನವರು, ದರ್ಜಿ ಸೇರಿ, ಮಹಡಿ ಮನೆಯವನು ಒಬ್ಬ ಮುದುಕಿಯನ್ನು ಕಿಟಕಿಯಲ್ಲಿ ಕೂರಿಸಿ ಮರ್ಯಾದಸ್ಥರ ಗುಟ್ಟುಗಳನ್ನು ಕೂಗಿಸುತ್ತಿದ್ದಾನೆ ಎಂದು ಪೊಲೀಸರಿಗೆ ದೂರು ಕೊಟ್ಟುಬಂದರು.

ಇತ್ತ ಮನೆಯೊಳಗೆ ಬೇರೊಂದು ಅನರ್ಥ ಬೆಳೆಯುತ್ತಿತ್ತು. ಕೋಪವನ್ನು ಹೊರಗೆ ಕೊಟ್ಟವನ ಬಳಿ ಕೋಪವೇ ಉಳಿಯಲಿಲ್ಲ. ಬೆಳಿಗ್ಗೆ ಹಾಲಿನವನು ಒಡೆದ ಪ್ಯಾಕೆಟ್ಟು ಕೊಟ್ಟರೆ ಕ್ಷಮೆಯಪ್ಪನೇ ಅವನ ಕ್ಷಮೆ ಕೇಳುತ್ತಿದ್ದ. ಕಾಲು ತುಳಿದವರಿಗೆ, ತನ್ನ ಕಾಲು ಅಲ್ಲಿ ಇದ್ದದ್ದಕ್ಕೆ ವಿಷಾದ ಹೇಳುತ್ತಿದ್ದ. ಒಂದು ಸಲ ತಲೆಗೆ ಬಡಿದ ಬೀರುವಿನ ಬಾಗಿಲಿಗೂ ಹೇಳಿದ. ಮೊದಲ ವಾರ ಹೆಂಡತಿ ದೇವರ ಮುಂದೆ ಹೆಚ್ಚಿನ ಒಂದು ದೀಪ ಹಚ್ಚಿದಳು. ಎರಡನೆಯ ವಾರ ಅದೇ ದೇವರಿಗೆ, "ಇಷ್ಟೊಂದು ಬೇಕಿರಲಿಲ್ಲ" ಎಂದಳು.

ಆ ವಾಸನೆ ಹಿಡಿದು ಭಾವ ಬಂದ. ಕುರ್ಚಿಯಲ್ಲಿ ಕೂತು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಏನಪ್ಪಾ, ಅವತ್ತು ಅಂಗಡೀಲಿ ದೊಡ್ಡ ಭಾಷಣ ಮಾಡಿದ್ಯಲ್ಲ" ಎಂದ.

"ತಪ್ಪಾಯ್ತು ಭಾವ."

ಭಾವನಿಗೆ ತನ್ನ ಕಿವಿಯ ಮೇಲೇ ಅನುಮಾನ ಬಂತು. "ನನ್ನ ಹಾಸಿಗೆ ಮೇಲೆ ಕಾಲಿಟ್ಟುಕೊಂಡು ನಿಂತಿದ್ದೆ."

"ಅದಕ್ಕೂ ಸೇರಿಸಿ."

"ಈ ಗುತ್ತಿಗೆ ಸಿಗದೇ ಹೋದ್ರೆ ಅಂಗಡಿಗೆ ವಾಪಸ್ ಬರ್ತೀಯಾ?"

"ಆಗಲಿ ಭಾವ. ನಿಮಗಾದ ತೊಂದರೆಗೆ..."

"ಕಿಟಕಿ ಪಕ್ಕ?"

"ನಿಮಗೆ ಎಲ್ಲಿ ಅನುಕೂಲವೋ ಅಲ್ಲಿ."

ಭಾವ ಹೋದ ಮೇಲೆ ಹೆಂಡತಿ ಪಾತ್ರೆಗಳನ್ನು ಇಡುತ್ತಿದ್ದ ಸದ್ದು ದರ್ಜಿಯ ಅಂಗಡಿಗೂ ಕೇಳಿಸಿತು. "ಊರವರಿಗೆಲ್ಲ ಹಂಚ್ತೀರಲ್ಲ, ನಿಮ್ಮ ಕೋಪಾನ ಮನೆ ಖರ್ಚಿಗೆ ಅಂತ ಒಂದು ಚೂರಾದ್ರೂ ಉಳಿಸ್ಕೋಬಾರದಾಗಿತ್ತಾ?" ಎಂದಳು. "ನೀವು ಗಾಜಿನ ಹಿಂದೆ ಮಲಗಿದ್ರೆ ಆ ರಸ್ತೇಲಿ ತಲೆ ಎತ್ಕೊಂಡು ನಡೀಬೇಕಾದವಳು ನಾನು."

"ನಿನಗಾದ ನೋವು ನನ್ನದೇ..."

"ಆ ಮಾತು ನನ್ನ ಹತ್ರ ಆಡಬೇಡಿ" ಎಂದು ಅವಳು ಚಮಚಗಳನ್ನು ಡಬ್ಬಿಗೆ ಸುರಿದಳು.

ತಿಂಗಳ ಕೊನೆಯಾಯಿತು. ಮೇಡಂ ಬರುವ ದಿನ ಬೆಳಿಗ್ಗೆ ಕ್ಷಮೆಯಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಾಕಿಯಿದ್ದ ಒಂದು ದೂರನ್ನು ಗುಡುಗಮ್ಮನಿಗೆ ಓದಿದ. ಬರೆದವಳು ಒಬ್ಬ ತಾಯಿ. ಯಂತ್ರದ ಬಾಗಿಲಿನಿಂದ ನೀರು ಸೋರಿ ಸೋರಿ ಅಡುಗೆಮನೆಯೆಲ್ಲ ಕೆರೆಯಾಗಿದೆ. ನಾಲ್ಕು ಸಲ ಬರೆದಿದ್ದಾಳೆ, ನಾಲ್ಕು ಸಲವೂ ಕ್ಷಮಾಪಣೆ ಬಂದಿದೆ. 'ನಿಮ್ಮ ಕಣ್ಣೀರಿನಿಂದ ನನ್ನ ನೆಲದ ನೀರು ಜಾಸ್ತಿಯಾಗಿದೆ. ನನಗೆ ಕ್ಷಮೆ ಬೇಡ. ಬಾಗಿಲಿಗೆ ಹಾಕುವ, ಬಳೆಯಂಥ ಆ ರಬ್ಬರಿನ ಉಂಗುರ ಕಳಿಸಿ' ಎಂದು ಮುಗಿಸಿದ್ದಳು.

ಕ್ಷಮೆಯಪ್ಪ ಬೆರಳುಗಳನ್ನು ಸಿದ್ಧಮಾಡಿಕೊಂಡು ಕಾದ. ಗುಡುಗಮ್ಮ ಕುರ್ಚಿಯ ಕೈ ಹಿಡಿಯಲಿಲ್ಲ.

"ಶುರುಮಾಡಿ ಅಜ್ಜಿ."

"ಇವಳನ್ನ ಏನಂತ ಬೈಯಲಿ?"

"ಎಂದಿನ ಹಾಗೆ."

"ಮೊನ್ನೆಯವಳೂ ಉಂಗುರ ಕೇಳಿದ್ಲು. ಅದಕ್ಕೆ ಮೊದಲಿನವನೂ ಕೇಳಿದ್ದ. ನಾನು ಪಾಪದವರನ್ನ ಸುಮ್ಮನೆ ಬೈದೆ. ಉಂಗುರ ಯಾಕೆ ಕಳಿಸಲ್ಲ?"

"ಅದು ನಮ್ಮ ವಿಭಾಗಕ್ಕೆ ಬರಲ್ಲ ಅಜ್ಜಿ. ನಮ್ಮದು ಬರೀ ವಿಷಾದ."

ಗುಡುಗಮ್ಮ ನಿಧಾನವಾಗಿ ಕುರ್ಚಿಯನ್ನು ಕಿಟಕಿಯಿಂದ ಅವನ ಕಡೆಗೆ ತಿರುಗಿಸಿದಳು. ಆಮೇಲೆ ಅವಳು ಆಡಿದ ಮಾತುಗಳನ್ನು ಇಲ್ಲಿ ಬರೆದರೆ ಓದುವವರ ಮನೆಯ ಹಾಲು ಒಡೆದೀತು. ಮೂವತ್ತು ವರ್ಷ ವಾರ್ಡುಗಳಲ್ಲಿ ಮಾಗಿದ ಕೋಪ ಅದು. ಕ್ಷಮೆಯಪ್ಪ ತಲೆ ಬಗ್ಗಿಸಿ, "ಕ್ಷಮಿಸಿ ಅಜ್ಜಿ" ಎಂದ. "ಕ್ಷಮೆ ಕೇಳಬೇಡ" ಎಂದಳು. "ಕೇಳಿದ್ದಕ್ಕೆ ಕ್ಷಮಿಸಿ" ಎಂದ. ಅವಳು ಹಣೆ ಚಚ್ಚಿಕೊಂಡಳು.

ಅದೇ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಬೀದಿಯವರ ದೂರನ್ನು ಹಿಡಿದು ಬಂದ ಪೊಲೀಸ್ ಪೇದೆ ನಿಂತಿದ್ದ. ಅವನು ಮೆಟ್ಟಿಲ ಮೇಲೆ ಒಂದಷ್ಟು ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ದನಿ ತಗ್ಗಿಸಿ, "ವಿಚಾರಣೆ ಇತ್ತು, ಅಮ್ಮನವರು ಮುಗಿಸಲಿ, ಕಾಯ್ತೀನಿ" ಎಂದ. ಅವನ ಹಿಂದೆಯೇ ಭಾವ ಬಂದ. ಗುತ್ತಿಗೆ ತಪ್ಪುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವನಿಗೆ. ಅವನು ಕೂರುವ ಮೊದಲೇ ಮೇಡಂ ಬಂದರು. ಅವರ ಚೀಲದ ಬಾಯಿಂದ ಗುತ್ತಿಗೆಯ ಕಾಗದ ಇಣುಕುತ್ತಿತ್ತು.

ಮೇಡಂ ಕೋಣೆಯನ್ನೊಮ್ಮೆ ನೋಡಿ ಮೆಚ್ಚಿಕೊಂಡರು. "ದೊಡ್ಡ ತಂಡವೇ ಇದೆ. ಇವರು?" ಎಂದು ಪೇದೆಯನ್ನು ತೋರಿಸಿದರು.

ಕ್ಷಮೆಯಪ್ಪನ ಬಾಯಿಯಿಂದ ಇನ್ನೊಂದು ಕ್ಷಮೆ ಹೊರಡುವುದರೊಳಗೆ ಹೆಂಡತಿ ಮುಂದೆ ಬಂದಳು. "ಅವರು ಭದ್ರತೆ" ಎಂದಳು. ಪೇದೆ ಅಭ್ಯಾಸಬಲದಿಂದ ನೆಟ್ಟಗೆ ನಿಂತ.

"ಇವರು?"

"ನಮ್ಮಣ್ಣ. ಸಲಹೆಗಾರರು. ಮಾತು ಕಡಿಮೆ" ಎಂದು ಹೆಂಡತಿ ಅಣ್ಣನ ಕಾಲನ್ನು ತುಳಿದಳು.

"ಮತ್ತೆ ಇವರು?"

"ನಾನು ಬೈಯೋಳು" ಎಂದಳು ಗುಡುಗಮ್ಮ, ಯಾರ ಸಹಾಯವನ್ನೂ ಕಾಯದೆ. "ನೀನೇನಾ ಆ ಕಂಪನಿಯವಳು? ಬಳೆಯಂಥ ಉಂಗುರ ಕಳಿಸೋಕೆ ನಿನಗೇನು ಕೈಗೆ ಪೆಟ್ಟಾಗಿದ್ಯಾ? ಅಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಕೊಂಡು ನೀರು ಬಾಚ್ತಾ ಇದ್ದಾರೆ, ನೀನಿಲ್ಲಿ ತಂಡ ನೋಡ್ಕೊಂಡು ತಿರುಗ್ತಿದ್ದೀಯಾ?"

ಮೇಡಂ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಅವರ ಮುಖದ ಮೇಲೆ ತರಬೇತಿಯ ಮುಗುಳ್ನಗೆ ಬಂದು ಕೂತಿತು. ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: "ತಮಗಾದ ಅನಾನುಕೂಲ ನಮ್ಮ ನಿದ್ದೆಗೆಡಿಸಿದೆ. ತಮ್ಮ ನೋವು ನಮ್ಮದೇ ನೋವು."

ಕ್ಷಮೆಯಪ್ಪ ತಲೆ ಎತ್ತಿದ. ವಾಕ್ಯ ಅವನದೇ. ಸಾವಿರ ಸಲ ಬರೆದು ಕಳಿಸಿದ್ದ, ಒಂದು ಸಲವೂ ಕೇಳಿಸಿಕೊಂಡಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ ಎದ್ದ ಮುಖವೊಂದು ಅದನ್ನು ಹೇಳುವುದನ್ನು ಈಗ ನೋಡಿದ. ಅವನ ಅಂಗಾಲಿನಲ್ಲಿ ಏನೋ ಚುರುಕೆಂದಿತು. ಅದು ಮೊಣಕಾಲು ಹತ್ತಿ, ಹೊಟ್ಟೆ ದಾಟಿ, ಕಿವಿಯ ತುದಿಗೆ ಬಂತು. ಬಹಳ ದಿನಗಳ ಮೇಲೆ ಮನೆಗೆ ಬಂದ ನೆಂಟನನ್ನು ಗುರುತಿಸುವ ಹಾಗೆ ಹೆಂಡತಿ ಅವನ ಮುಖವನ್ನು ನೋಡಿದಳು.

"ನಿಮ್ಮ ನಿದ್ದೆ ಕೆಟ್ಟಿದ್ಯಾ ಮೇಡಂ?"

"ಏನಂದ್ರಿ?"

"ಕೇಳಿದ್ದು ಅರ್ಥ ಆಗ್ಲಿಲ್ವಾ? ಯಾವ ರಾತ್ರಿ ಕೆಟ್ಟಿದೆ ಹೇಳಿ. ಆ ತಾಯಿ ನೋವು ನಿಮ್ಮ ನೋವಾದ್ರೆ ನಿಮ್ಮ ಕಾಲು ಯಾಕೆ ಒದ್ದೆ ಇಲ್ಲ? ನಾಲ್ಕು ಸಲ ಬರೆದವಳಿಗೆ ಆ ಮಾತು ಕಳಿಸಿದವನು ಅಯೋಗ್ಯ. ಮನುಷ್ಯ ಜಾತಿಗೆ ಸೇರಿದವನಲ್ಲ."

"ಅದನ್ನ ಬರೆದವರು ನೀವೇ ಅಲ್ವಾ?"

"ಅದಕ್ಕೇ ಧೈರ್ಯವಾಗಿ ಹೇಳ್ತಿದ್ದೀನಿ."

ಕೆಳಗೆ ದರ್ಜಿಯ ಹೊಲಿಗೆ ಯಂತ್ರ ನಿಂತಿತು. ಮೇಡಂ ಮುಗುಳ್ನಗೆಯನ್ನು ಮಡಿಸಿ ಒಳಗಿಟ್ಟುಕೊಂಡು, ಬುದ್ಧಿ ಹೇಳುವ ದನಿಯಲ್ಲಿ, "ನೋಡಿ, ಸ್ವಲ್ಪ ಯೋಚನೆ ಮಾಡಿ. ಉಂಗುರ ಕಳಿಸಿದ್ರೆ ದೂರು ನಿಲ್ಲುತ್ತೆ. ದೂರು ನಿಂತ್ರೆ ನಿಮಗೆ ಕೆಲಸ ಎಲ್ಲಿಂದ ಬರುತ್ತೆ? ಆ ಸೋರಿಕೆ ನಿಮ್ಮ ಅನ್ನ" ಎಂದರು.

ಪೇದೆಯೂ ಸೇರಿ ಎಲ್ಲರೂ ಕ್ಷಮೆಯಪ್ಪನ ಮುಖ ನೋಡಿದರು. ಕ್ಷಮೆಯಪ್ಪ ಎಂಥ ಕೋಪದಲ್ಲೂ ಲೆಕ್ಕ ತಪ್ಪುವವನಲ್ಲ. ಆ ಚೀಲದ ಕಾಗದ, ಅದರಾಚೆಗಿನ ಗಾಜಿನ ಕಿಟಕಿ, ಹಾಸಿಗೆ, ಗಾಜಿಗೊತ್ತಿದ ಮೂಗುಗಳು, ಎಲ್ಲ ಕಣ್ಣ ಮುಂದೆ ಬಂದವು.

"ಹಾಗಾದ್ರೆ ಆ ಅನ್ನ ನನಗೆ ಬೇಡ" ಎಂದ. "ನಿಮ್ಮ ವಿಷಾದ ನೀವೇ ಬರ್ಕೊಳ್ಳಿ. ಬರೆಯೋ ಮೊದಲು ಅವಳ ಅಡುಗೆಮನೇಲಿ ಒಂದು ಗಂಟೆ ನಿಂತು ಬನ್ನಿ."

ಮೇಡಂ ಕಾಗದವನ್ನು ಚೀಲದ ಆಳಕ್ಕೆ ತಳ್ಳಿ ಹೊರಟುಹೋದರು. ಮೆಟ್ಟಿಲ ಮೇಲೆ ಅವರ ಹೆಜ್ಜೆ ಸದ್ದು ಅಡಗುವವರೆಗೂ ಭಾವ ಕಾದ. ಆಮೇಲೆ ಹೊಟ್ಟೆ ನೀವಿಕೊಳ್ಳುತ್ತಾ ಎದ್ದ.

"ಮುಗೀತಲ್ಲ. ಮಾತು ಕೊಟ್ಟಿದ್ದೀಯ, ನಾಳೆ ಬೆಳಿಗ್ಗೆ ಅಂಗಡಿಗೆ ಬಂದುಬಿಡು. ಹೊಸ ಸ್ಪ್ರಿಂಗಿನ ಹಾಸಿಗೆ ಬಂದಿದೆ. ನಿನಗೆ ಅಂತ ಕಿಟಕಿ ಪಕ್ಕವೇ ಹಾಕ್ಸಿದ್ದೀನಿ. ಮಲಗಿ ತಿನ್ನೋ ಯೋಗ ಎಷ್ಟು ಜನಕ್ಕಿದೆ? ತಲೆಗೆ ಒಂದು ಟೋಪಿ ಕೂಡ ಹೊಲಿಸೋಣ, ಜನ ನಗಲಿ."

"ಅಣ್ಣ, ಸಾಕು" ಎಂದಳು ಹೆಂಡತಿ.

"ನೀನು ಸುಮ್ಮನಿರು. ಅವನೇ ಹೇಳ್ತಾನೆ. ಏನಪ್ಪಾ, 'ಆಗಲಿ ಭಾವ' ಅನ್ನು."

ಗುಡುಗಮ್ಮನಿಗೆ ತಡೆಯಲಾಗಲಿಲ್ಲ. ಕುರ್ಚಿಯ ಕೈಗಳನ್ನು ಹಿಡಿದಳು. ಎದೆ ತುಂಬ ಉಸಿರೆಳೆದಳು. ಕೊರಳ ನರ ಉಬ್ಬಿತು. ಬಾಯಿ ತೆರೆಯುವಷ್ಟರಲ್ಲಿ ಕ್ಷಮೆಯಪ್ಪ ಅವಳ ಹೆಗಲ ಮೇಲೆ ಕೈಯಿಟ್ಟ.

"ನೀವು ಕೂತ್ಕೊಳ್ಳಿ ಅಜ್ಜಿ" ಎಂದ. "ಇದು ಹೊರಗೆ ಕೊಡೋ ಕೆಲಸ ಅಲ್ಲ."

ಅವಳು ಉಸಿರನ್ನು ಹಾಗೇ ಬಿಟ್ಟು ಹಿಂದಕ್ಕೆ ಒರಗಿದಳು. ಕ್ಷಮೆಯಪ್ಪ ಅಂಗಿಯ ತೋಳು ಮಡಿಸಿ ಭಾವನ ಕಡೆಗೆ ತಿರುಗಿದ. ಮುಂದಿನದನ್ನು ಅಂದಾಜು ಮಾಡಿದ ಪೇದೆ, ಇಳಿಯುವವರಿಗೆ ದಾರಿ ಬೇಕಾದೀತೆಂದು ಬಾಗಿಲಿನಿಂದ ಒಂದಿಷ್ಟು ಸರಿದು ನಿಂತ.